ಹತ್ತು ನಿಮಿಷ ಮುಂದಿರುವ ಮನೆ

ನಮ್ಮ ಮನೆಯ ಚಾವಡಿಯ ಗಡಿಯಾರ ಹತ್ತು ನಿಮಿಷ ಮುಂದೆ ಉಂಟು. ಹಾಗೆ ಇಟ್ಟವರು ಅಪ್ಪ. ಅವರು ಉಡುಪಿಯ ಕಚೇರಿಗೆ ಹೋಗುತ್ತಿದ್ದ ಕಾಲದಲ್ಲಿ ಕಟಪಾಡಿ ಪೇಟೆಗೆ ಬರುವ ಬಸ್ಸು ತಪ್ಪಬಾರದೆಂದು ಮಾಡಿಕೊಂಡ ಏರ್ಪಾಡು ಅದು. ಅಪ್ಪ ನಿವೃತ್ತರಾಗಿ ಎರಡು ದಶಕ ಕಳೆಯಿತು, ಗಡಿಯಾರಕ್ಕೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಮುಂದಿದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ಕಳೆದು ಓದುತ್ತಾರೆ. ಅಮ್ಮ ಹತ್ತು ಕಳೆಯುತ್ತಾರೆ. ನನ್ನ ಹೆಂಡತಿ ಹದಿನೈದು ಕಳೆಯುತ್ತಾಳೆ, ಏಕೆಂದರೆ ಅವಳು ಕಾರ್ಕಳದಿಂದ ಈ ಮನೆಗೆ ಬಂದ ಹೊಸತರಲ್ಲಿ ಯಾರೋ 'ಒಂದು ಹತ್ತು ಹದಿನೈದು ನಿಮಿಷ ಫಾಸ್ಟ್' ಎಂದಿದ್ದರಂತೆ. ಮಗಳು ಏನನ್ನೂ ಕಳೆಯುವುದಿಲ್ಲ. ಶಾಲೆಯ ವ್ಯಾನಿನ ಹಾರ್ನ್ ಕೇಳಿದ ಮೇಲೆಯೇ ಅವಳು ಗಡಿಯಾರ ನೋಡುವುದು. ನೆಂಟರಿಗೆ ಮಾತ್ರ ಕಷ್ಟ. ಮಂಗಳೂರಿನ ಭಾವ ಒಮ್ಮೆ ಅದನ್ನು ನಂಬಿ ಅರ್ಧ ಲೋಟ ಕಾಫಿ ಬಿಟ್ಟು ಓಡಿ, ಪೇಟೆಯಲ್ಲಿ ಬಿಸಿಲಿಗೆ ನಿಂತರು. ಮುಂದಿನ ಸಲ ಹಟದಿಂದ ಇಪ್ಪತ್ತು ನಿಮಿಷ ಕಳೆದು, ಎರಡನೆಯ ಲೋಟ ಕಾಫಿಯನ್ನೂ ಕುಡಿದು, ಬಸ್ಸು ತಪ್ಪಿಸಿಕೊಂಡರು.

ಇಂಥ ಮನೆಯಲ್ಲಿ ಕಾಲಜ್ಞಾನಿ ಎಂದರೆ ನಾನು. ಮಣಿಪಾಲದ ಒಂದು ಸಾಫ್ಟ್‌ವೇರ್ ಕಂಪನಿ ನನಗೆ ಸಂಬಳ ಕೊಡುವುದೇ ಅದಕ್ಕೆ. ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವನು ನಮ್ಮ ವೆಬ್‌ಸೈಟ್ ತೆರೆದರೂ ಅವನಿಗೆ ಅವನ ಊರಿನ ಗಂಟೆಯೇ ಕಾಣಬೇಕು, ಇದು ನನ್ನ ಕೆಲಸ. ಮನೆಯವರಿಗೆ ಇದನ್ನು ವಿವರಿಸಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅವರವರ ಮನೆಯಲ್ಲಿ ಗಡಿಯಾರ ಇಲ್ವಾ ಮಾರಾಯ?"

ಇದಕ್ಕೆ ಉತ್ತರ ಕೊಡುವ ಉಮೇದಿನಲ್ಲಿಯೇ ನಾನು ನಮ್ಮ ಕುಟುಂಬಕ್ಕೊಂದು ವೆಬ್‌ಸೈಟ್ ಮಾಡಿದ್ದು. ಕರಾವಳಿಯ ಯಾವ ಕುಟುಂಬವೂ ಈಗ ಒಂದೇ ಗಂಟೆಯಲ್ಲಿ ಬದುಕುತ್ತಿಲ್ಲ. ಮಾವ ಮಸ್ಕತ್ತಿನಲ್ಲಿ, ನಮಗಿಂತ ಒಂದೂವರೆ ಗಂಟೆ ಹಿಂದೆ. ಚಿಕ್ಕಪ್ಪನ ಮಗ ಬಹರೈನಿನಲ್ಲಿ, ಎರಡೂವರೆ ಗಂಟೆ ಹಿಂದೆ. ಅಕ್ಕ ಅಮೆರಿಕದ ನ್ಯೂಜೆರ್ಸಿಯಲ್ಲಿ, ದೊಡ್ಡಮ್ಮನ ಮಗಳು ಲಂಡನ್ನಿನಲ್ಲಿ, ಚಿಕ್ಕಮ್ಮನ ಮಗ ಸಿಡ್ನಿಯಲ್ಲಿ. ನಾಗರಪಂಚಮಿಯ ತನು ಎಷ್ಟು ಹೊತ್ತಿಗೆ, ಕುಟುಂಬದ ಮನೆಯಲ್ಲಿ ಕೋಲ ಯಾವತ್ತು, ಅಜ್ಜನ ತಿಥಿ ಎಂದು, ದೊಡ್ಡಮ್ಮನ ಹುಟ್ಟುಹಬ್ಬ ಎಂದು, ಎಲ್ಲವೂ ಎಲ್ಲರ ಫೋನಿಗೆ ಅವರವರ ಗಂಟೆಯಲ್ಲಿ ತಾನಾಗಿ ಹೋಗಬೇಕು. ಸಣ್ಣ ಕೆಲಸ. ಒಂದು ಭಾನುವಾರದಲ್ಲಿ ಮುಗಿಸಿ ತೋರಿಸುತ್ತೇನೆ ಎಂದು ಊಟಕ್ಕೆ ಕೂತಾಗ ಘೋಷಿಸಿದ್ದೆ. ಯಾವ ಭಾನುವಾರ ಎಂದು ಹೇಳಿರಲಿಲ್ಲ, ಅದು ನನ್ನ ಪುಣ್ಯ.

ವೃತ್ತಿಯವರಿಗೆಲ್ಲ ಗೊತ್ತಿರುವ ಮಂತ್ರ ಒಂದುಂಟು. ಗಂಟೆಯನ್ನು ಯುಟಿಸಿಯಲ್ಲಿ ಇಡು, ತೋರಿಸುವಾಗ ಊರಿಗೆ ತಕ್ಕಂತೆ ಕೂಡಿಸು, ಕಳೆ. ಯುಟಿಸಿ ಎಂದರೆ ಸ್ಥೂಲವಾಗಿ ಗ್ರೀನಿಚ್ಚಿನ ಗಂಟೆ. ಭಾರತಕ್ಕೆ ಐದೂವರೆ ಕೂಡಿಸಬೇಕು. ಈ ಐದೂವರೆ ಬಂದದ್ದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದಿಂದ. ನಮ್ಮ ಕಟಪಾಡಿ ಇರುವುದು ಸುಮಾರು 74.75 ಡಿಗ್ರಿಯಲ್ಲಿ. ಒಂದು ಡಿಗ್ರಿ ದಾಟಲು ಸೂರ್ಯನಿಗೆ 4 ನಿಮಿಷ ಬೇಕು. ಅಂದರೆ ಮಿರ್ಜಾಪುರದ ನೆತ್ತಿ ಬಿಟ್ಟು ನಮ್ಮ ನೆತ್ತಿಗೆ ಬರಲು ಅವನಿಗೆ 31 ನಿಮಿಷ ಹಿಡಿಯುತ್ತದೆ. ಆಮಂತ್ರಣ ಪತ್ರಿಕೆಗಳಲ್ಲಿ ಅಭಿಜಿನ್ ಮುಹೂರ್ತವನ್ನು ಹನ್ನೆರಡು ದಾಟಿದ ಮೇಲೆಯೇ ಕೊಡುವುದು ಸುಮ್ಮನೆ ಅಲ್ಲ. ನಮ್ಮ ನಿಜವಾದ ಮಧ್ಯಾಹ್ನ ಆಗುವುದೇ ಹನ್ನೆರಡೂವರೆಯ ಆಸುಪಾಸಿಗೆ. ಈ ಲೆಕ್ಕದಲ್ಲಿ ನಮ್ಮ ಚಾವಡಿಯ ಗಡಿಯಾರ ಕಟಪಾಡಿಯ ಸೂರ್ಯನಿಗಿಂತ 41 ನಿಮಿಷ ಮುಂದೆ ಓಡುತ್ತಿದೆ ಎಂದು ಅಪ್ಪನಿಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು.

ಗಲ್ಫಿನವರ ವಿಷಯದಲ್ಲಿ, ಅಂದರೆ ಮಸ್ಕತ್ತು, ಬಹರೈನಿನವರ ವಿಷಯದಲ್ಲಿ, ಮಂತ್ರ ಚೆನ್ನಾಗಿ ಫಲಿಸಿತು. ಅಲ್ಲಿ ವರ್ಷವಿಡೀ ಒಂದೇ ಗಂಟೆ. ತೊಂದರೆ ಕೊಟ್ಟದ್ದು ಅಕ್ಕ.

ಅಕ್ಕ ಫೋನ್ ಮಾಡುವುದು ಅವಳ ರಾತ್ರಿ ಎಂಟೂವರೆಗೆ, ಅಡುಗೆಮನೆ ಒರೆಸಿ ಆದ ಮೇಲೆ. ಚಳಿಗಾಲದಲ್ಲಿ ಅದು ನಮಗೆ ಮರುದಿನ ಬೆಳಿಗ್ಗೆ ಏಳು. ಅಷ್ಟರಲ್ಲಿ ಅಮ್ಮ ಮಲ್ಲಿಗೆ ಕೊಯ್ದು ಮುಗಿಸಿ, ಬಾಳೆನಾರು ನೆನೆಸಿಟ್ಟು, ಕಾಫಿ ಹಿಡಿದು ಜಗಲಿಯಲ್ಲಿ ಕೂತಿರುತ್ತಾರೆ. ಹೂ ಕಟ್ಟುತ್ತ ಕಟ್ಟುತ್ತ ಮಾತು. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಕಳೆದದ್ದೇ ಫೋನು ಬೆಳಿಗ್ಗೆ ಆರಕ್ಕೆ ಬರತೊಡಗುತ್ತದೆ. ಆಗ ಅಮ್ಮ ಗಿಡಗಳ ನಡುವೆ ಇರುತ್ತಾರೆ. ಮೊಗ್ಗು ಬಿಡಿಸುವ ಕೈಯಲ್ಲಿ ಫೋನು ಹಿಡಿಯಲಿಕ್ಕಾಗುವುದಿಲ್ಲ.

"ಅವಳಿಗೆ ಒಂದು ಗಂಟೆ ಮೊದಲೇ ಅಮ್ಮನ ನೆನಪು ಆಗ್ತದಲ್ಲ, ಮನೆಯಲ್ಲಿ ಎಂತದೋ ಜಗಳ ಆಗಿರಬೇಕು," ಎಂದರು ಅಮ್ಮ. ಅಕ್ಕನ ಅತ್ತೆ ಆಗ ಅಲ್ಲಿಗೆ ಹೋಗಿದ್ದದ್ದು ಈ ಸಿದ್ಧಾಂತಕ್ಕೆ ಬಲ ಕೊಟ್ಟಿತು.

ನಾನು ಡೇಲೈಟ್ ಸೇವಿಂಗ್ ಎಂಬುದನ್ನು ವಿವರಿಸಲು ಕೂತೆ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಬೇಗ ಹುಟ್ಟುತ್ತಾನೆ. ಜನ ಬೇಗ ಏಳುವುದಿಲ್ಲ. ಬೇಗ ಏಳಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲವಾದ್ದರಿಂದ ಸರಕಾರ ಗಡಿಯಾರವನ್ನೇ ಒಂದು ಗಂಟೆ ಮುಂದೆ ತಿರುಗಿಸಿಬಿಡುತ್ತದೆ. ನವೆಂಬರಿನ ಮೊದಲ ಭಾನುವಾರ ಪುನಃ ಹಿಂದಕ್ಕೆ. ಅಪ್ಪ ಚಾವಡಿಯಲ್ಲಿ ಮಾಡಿದ್ದನ್ನೇ ಅಮೆರಿಕ ಮಾಡಿದೆ, ಹತ್ತರ ಬದಲು ಅರವತ್ತು ನಿಮಿಷ. ಇದನ್ನು ಕೇಳಿ ಅಪ್ಪ ಎದ್ದು ಹೋಗಿ ಗಡಿಯಾರದ ಗಾಜು ಒರೆಸಿದರು.

"ಅಲ್ಲಿ ದನಗಳು ಎಂತ ಮಾಡ್ತವೆ?" ಎಂದು ಅಮ್ಮ ಕೇಳಿದರು. ಪ್ರಶ್ನೆ ಹಾಸ್ಯಕ್ಕೆ ಕೇಳಿದ್ದಲ್ಲ. ಅಮೆರಿಕದ ರೈತರು ಈ ಪದ್ಧತಿಯನ್ನು ವಿರೋಧಿಸಿದ್ದಕ್ಕೆ ದನಗಳೂ ಒಂದು ಕಾರಣ. ಕೆಚ್ಚಲಿಗೆ ಗಡಿಯಾರದ ಹಂಗಿಲ್ಲ. ರೈತರಿಗೆ ಅನುಕೂಲವಾಗಲಿ ಎಂದೇ ಗಂಟೆ ತಿರುಗಿಸುತ್ತಾರೆ ಎನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ, ಅದು ಉಲ್ಟಾ. ಮೊದಲು ಇದನ್ನು ಗಂಭೀರವಾಗಿ ಹೇಳಿದವರಲ್ಲಿ ಒಬ್ಬ ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್, 1895ರಲ್ಲಿ. ಅವನ ಹವ್ಯಾಸ ಕೀಟ ಹಿಡಿಯುವುದು. ಕೆಲಸ ಬಿಟ್ಟ ಮೇಲೆ ಹುಳ ಹುಡುಕಲು ಬೆಳಕು ಸಾಲುವುದಿಲ್ಲ, ಎರಡು ಗಂಟೆ ಮುಂದೆ ಹಾಕಿ ಎಂದ. ಇಡೀ ದೇಶಕ್ಕೆ ಜಾರಿ ಮಾಡಿದ್ದರಲ್ಲಿ ಜರ್ಮನಿ ಮೊದಲು, 1916ರ ಏಪ್ರಿಲ್ 30ರಂದು, ಯುದ್ಧಕಾಲದಲ್ಲಿ ಕಲ್ಲಿದ್ದಲು ಉಳಿಸಲು. ಒಬ್ಬನ ಹುಳ, ಇನ್ನೊಬ್ಬರ ಯುದ್ಧ, ಕೊನೆಗೆ ಫೋನು ಬರುವುದು ಕಟಪಾಡಿಯ ಮಲ್ಲಿಗೆ ಗಿಡಕ್ಕೆ.

ಗಂಟೆ ತಿರುಗಿಸಿದ್ದನ್ನು ಸಹಿಸಬಹುದಿತ್ತು, ಎಲ್ಲರೂ ಒಂದೇ ದಿನ ತಿರುಗಿಸಿದ್ದರೆ. ಲಂಡನ್ನಿನವರು ಕಾಯುವುದು ಮಾರ್ಚಿನ ಕೊನೆಯ ಭಾನುವಾರಕ್ಕೆ. ನಡುವಿನ ಆ ಎರಡು ಮೂರು ವಾರ ನ್ಯೂಯಾರ್ಕಿಗೂ ಲಂಡನ್ನಿಗೂ ಐದು ಗಂಟೆಯ ಅಂತರ ಹೋಗಿ ನಾಲ್ಕಾಗುತ್ತದೆ. ನನ್ನ ಆಫೀಸಿನ ಮೀಟಿಂಗ್‌ಗೆ ಆ ವಾರಗಳಲ್ಲಿ ಯಾರಾದರೂ ಒಬ್ಬರು ಬರುವುದೇ ಇಲ್ಲ, ಯಾರು ಎಂಬುದು ಮಾತ್ರ ಬದಲಾಗುತ್ತದೆ. ಸಿಡ್ನಿ ಭೂಮಿಯ ಕೆಳಗಿನ ಅರ್ಧದಲ್ಲಿರುವುದರಿಂದ ಅಲ್ಲಿ ಅಕ್ಟೋಬರಿನಲ್ಲಿ ಮುಂದಕ್ಕೆ, ಏಪ್ರಿಲಿನಲ್ಲಿ ಹಿಂದಕ್ಕೆ. ಅಮೆರಿಕದೊಳಗೇ ಅರಿಜೋನ ರಾಜ್ಯ ತಿರುಗಿಸುವುದಿಲ್ಲ, ಆ ರಾಜ್ಯದೊಳಗಿನ ನವಾಹೊ ಜನರ ನಾಡು ತಿರುಗಿಸುತ್ತದೆ. ಆಸ್ಟ್ರೇಲಿಯದ ಲಾರ್ಡ್ ಹೋವ್ ಎಂಬ ದ್ವೀಪ ಇದೆಲ್ಲ ಅತಿಯಾಯಿತೆಂದು ಅರ್ಧ ಗಂಟೆ ಮಾತ್ರ ತಿರುಗಿಸುತ್ತದೆ. 2023ರ ಮಾರ್ಚಿನಲ್ಲಿ ಲೆಬನಾನಿನ ಸರಕಾರ ಈ ಸಲ ರಂಜಾನ್ ಮುಗಿದ ಮೇಲೆ ತಿರುಗಿಸೋಣ ಎಂದು ಕೊನೆಯ ಗಳಿಗೆಯಲ್ಲಿ ಹೇಳಿತು. ಅರ್ಧ ದೇಶ ಕೇಳಿತು, ಅರ್ಧ ದೇಶ ಕೇಳಲಿಲ್ಲ. ಕೆಲವು ದಿನ ಒಂದೇ ಊರಿನಲ್ಲಿ ಎರಡು ಗಂಟೆ ನಡೆದು, ಸರಕಾರ ಮಾತು ಹಿಂದೆ ತೆಗೆದುಕೊಂಡಿತು. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ, "ನಮ್ಮಲ್ಲಿ ನಾಲ್ಕು ನಡೀತಾ ಉಂಟು, ಯಾರೂ ಸುದ್ದಿ ಮಾಡುವುದಿಲ್ಲ" ಎಂದಳು.

ಮಧ್ಯರಾತ್ರಿಯ ವಿಷಯ ಇನ್ನೊಂದು ರಗಳೆ. ಗಡಿಯಾರ ಮುಂದೆ ಹೋಗುವ ರಾತ್ರಿ ನ್ಯೂಯಾರ್ಕಿನಲ್ಲಿ ಎರಡರಿಂದ ಮೂರು ಗಂಟೆಯ ನಡುವಿನ ಕಾಲ ಹುಟ್ಟುವುದೇ ಇಲ್ಲ. ಎರಡೂವರೆಗೆ ಓಡಬೇಕಾದ ಪ್ರೋಗ್ರಾಂ ಆ ದಿನ ಓಡದೆಯೂ ಇರಬಹುದು. ಗಡಿಯಾರ ಹಿಂದೆ ಬರುವ ರಾತ್ರಿ ಒಂದೂವರೆ ಎರಡು ಸಲ ಆಗುತ್ತದೆ, ಪ್ರೋಗ್ರಾಂ ಎರಡು ಸಲ ಓಡಬಹುದು. ಸಂಬಳ ಹಾಕುವ ಪ್ರೋಗ್ರಾಮನ್ನು ಆ ಹೊತ್ತಿಗೆ ಇಡಬಾರದೇ ಎಂದು ನಾನು ಹಲವು ವರ್ಷಗಳಿಂದ ಆಸೆಪಡುತ್ತಿದ್ದೇನೆ. ನಮ್ಮ ಕಂಪನಿಯವರು ಹಗಲಲ್ಲೇ ಹಾಕುತ್ತಾರೆ.

ಇನ್ನು ದೊಡ್ಡಮ್ಮನ ಹುಟ್ಟುಹಬ್ಬ. ಅವರ ಹುಟ್ಟಿದ ದಿನವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು, ಆದ್ದರಿಂದ ಅದರಲ್ಲಿ ಒಂದು ದಿನ ಆಚೀಚೆ ಆದರೆ ಆಕಾಶ ಬೀಳುವುದಿಲ್ಲ ಎಂಬುದು ನನ್ನ ನಿಲುವು. ಆದದ್ದೇನೆಂದರೆ ಅದು ಡೇಟಾಬೇಸಿನಲ್ಲಿ ಆ ತಾರೀಕಿನ ಮಧ್ಯರಾತ್ರಿ ಹನ್ನೆರಡು ಗಂಟೆ ಎಂದು ಕೂತಿತು. ಬರಿಯ ತಾರೀಕು ಕೊಟ್ಟರೂ ಗಂಟೆ ಅಂಟಿಸಿಕೊಳ್ಳುವುದು ಈ ಯಂತ್ರಗಳ ಹಳೆಯ ಚಾಳಿ. ಭಾರತದ ಮಧ್ಯರಾತ್ರಿ ಎಂದರೆ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ ಆರೂವರೆ, ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ಮಧ್ಯಾಹ್ನ. ಹಾಗಾಗಿ ಅಕ್ಕನ ಮಕ್ಕಳು ಅಜ್ಜಿಗೆ ಒಂದು ದಿನ ಮೊದಲೇ ಹಾಡಿ ಕೇಕಿನ ಫೋಟೊ ಕಳಿಸಿದರು. ಲಂಡನ್ನಿನ ಮಗಳದ್ದೂ ಅದೇ ದಿನ ಬಂತು. ಸಿಡ್ನಿಯವನದ್ದು ಮತ್ತು ನಮ್ಮದು ಮರುದಿನ. ದೊಡ್ಡಮ್ಮ ಎರಡೂ ದಿನ ಪಾಯಸ ಮಾಡಿಸಿಕೊಂಡರು. "ಈ ಸಲ ಎಂತ ಎಲ್ಲ ಗಡದ್ದು!" ಎಂದರು. ಇದನ್ನು ಬಗ್ ಎಂದು ಕರೆಯುವವರು ಆ ಪಾಯಸ ತಿನ್ನದವರು. ಆದರೂ ಅಕ್ಕನ ಒತ್ತಾಯಕ್ಕೆ ಹುಟ್ಟುಹಬ್ಬಗಳಿಂದ ಗಂಟೆಯನ್ನು ಕಿತ್ತುಹಾಕಿ, ತಾರೀಕನ್ನು ಬರಿಯ ತಾರೀಕಾಗಿಯೇ ಇಟ್ಟೆ. ಹುಟ್ಟುಹಬ್ಬಕ್ಕೆ ಟೈಮ್ ಝೋನ್ ಬೇಡ. ಮುಂದಿನ ವರ್ಷದಿಂದ ಒಂದೇ ಪಾಯಸ.

ಅಷ್ಟರಲ್ಲಿ ಏಕಾದಶಿ ಬಂತು. ಅದು ಗಂಟೆಗೂ ಸಿಕ್ಕುವುದಿಲ್ಲ, ತಾರೀಕಿಗೂ ಸಿಕ್ಕುವುದಿಲ್ಲ.

ಒಂದು ಮಂಗಳವಾರ ಸಂಜೆ ಆರೂವರೆಗೆ ಅಕ್ಕ ವಿಡಿಯೊ ಕಾಲ್ ಮಾಡಿದಳು. ಅಮ್ಮ ಅಂದು ನಿರಾಹಾರ. ಪರದೆಯ ಮೇಲೆ ಅಕ್ಕ ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿ ತಿನ್ನುತ್ತಿದ್ದಳು. ಅವಳಿಗೆ ಅದು ಮಂಗಳವಾರ ಬೆಳಿಗ್ಗೆ ಎಂಟು ಗಂಟೆ. ಅಮ್ಮನ ಮುಖ ನೋಡಲಿಕ್ಕಾಗಲಿಲ್ಲ.

"ಏಕಾದಶಿ ದಿನ ಇಡ್ಲಿ ತಿನ್ತಾಳೆ ಇವಳು! ನಿನ್ನ ಆ ಕಂಪ್ಯೂಟರು ಅವಳಿಗೆ ಹೇಳಲಿಲ್ವಾ?"

ಹೇಳಿತ್ತು. ಸರಿಯಾಗಿಯೇ ಹೇಳಿತ್ತು. ತಿಥಿ ಎಂಬುದು ಸೂರ್ಯ ಚಂದ್ರರ ನಡುವಿನ ಕೋನ. ಅದು ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ. ಆ ದಿನ ಯಾವ ತಿಥಿ ಎಂದು ನಿರ್ಧರಿಸುವುದು ಮಾತ್ರ ಆಯಾ ಊರಿನ ಸೂರ್ಯೋದಯ. ಏಕಾದಶಿ ನಮ್ಮಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಿಡಿದು ಮಂಗಳವಾರ ಒಂಬತ್ತಕ್ಕೆ ಬಿಟ್ಟಿತು ಎಂದಿಟ್ಟುಕೊಳ್ಳಿ. ಸೋಮವಾರದ ಸೂರ್ಯೋದಯಕ್ಕೆ ನಮ್ಮಲ್ಲಿ ಇನ್ನೂ ದಶಮಿ, ಆದ್ದರಿಂದ ಉಪವಾಸ ಮಂಗಳವಾರ. ಅದೇ ಎರಡು ಕ್ಷಣಗಳು ನ್ಯೂಜೆರ್ಸಿಯಲ್ಲಿ ಭಾನುವಾರ ರಾತ್ರಿ ಹತ್ತೂವರೆ ಮತ್ತು ಸೋಮವಾರ ರಾತ್ರಿ ಹತ್ತೂವರೆ. ಅಲ್ಲಿ ಸೋಮವಾರದ ಸೂರ್ಯೋದಯಕ್ಕೇ ಏಕಾದಶಿ ಇರುತ್ತದೆ, ಮಂಗಳವಾರದ ಸೂರ್ಯೋದಯಕ್ಕೆ ದ್ವಾದಶಿ. ಅಕ್ಕ ಹಿಂದಿನ ದಿನ ಉಪವಾಸ ಮಾಡಿ ಪಾರಣೆಯ ಇಡ್ಲಿ ತಿನ್ನುತ್ತಿದ್ದಳು. ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ.

ಅಮ್ಮ ಸಾವಕಾಶ ಓದಿದರು. "ಅಮೆರಿಕದವರು ನಮಗಿಂತ ಹತ್ತು ಗಂಟೆ ಹಿಂದೆ ಅಂತ ನೀನೇ ಹೇಳಿದ್ದಲ್ವಾ? ಉಪವಾಸದಲ್ಲಿ ಮಾತ್ರ ಒಂದು ದಿನ ಮುಂದೆ ಹೋದದ್ದು ಹೇಗೆ?"

ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಹಿಂದೆ ಇರುವುದರಿಂದಲೇ ಮುಂದೆ ಎಂದು ಹೊಟ್ಟೆ ಹಸಿದ ತಾಯಿಗೆ ಹೇಳುವ ಧೈರ್ಯ ಬರಲಿಲ್ಲ.

ಈ ಗೋಳು ಕೃಷ್ಣಾಷ್ಟಮಿಯಲ್ಲೂ ಉಂಟು. ಉಡುಪಿಯಲ್ಲಿ ಅರ್ಘ್ಯ ಕೊಡುವುದು ಚಂದ್ರೋದಯಕ್ಕೆ, ಮಧ್ಯರಾತ್ರಿಯ ಹೊತ್ತಿಗೆ. ಮಠದಿಂದ ಬರುವ ಗಂಟೆ ಉಡುಪಿಯ ಚಂದ್ರನದ್ದು. ಅದನ್ನು ವಾಟ್ಸಾಪಿನಲ್ಲಿ ನೋಡಿ, ಒಂಬತ್ತೂವರೆ ಗಂಟೆ ಕಳೆದು, ಅಮೆರಿಕದಲ್ಲಿ ಮಟಮಟ ಮಧ್ಯಾಹ್ನ ಅರ್ಘ್ಯ ಕೊಟ್ಟ ದೂರದ ನೆಂಟರೊಬ್ಬರು ನನಗೆ ಗೊತ್ತು. ಅವರ ಗಣಿತ ಸರಿಯಾಗಿತ್ತು. ಚಂದ್ರ ಇರಲಿಲ್ಲ.

ಕೋಲದ ಕರೆಯೋಲೆಯ ಕಥೆ ಚಿಕ್ಕದು. 'ಶನಿವಾರ ರಾತ್ರಿ ಗಂಟೆ 1ಕ್ಕೆ' ಎಂದು ಅಚ್ಚಾಗಿತ್ತು. ನಮಗೆ ಅದು ಶನಿವಾರ ರಾತ್ರಿ ಊಟ ಮಾಡಿ ಹೋಗುವ ಕೋಲ, ಏಕೆಂದರೆ ನಮ್ಮ ದಿನ ಬದಲಾಗುವುದು ಸೂರ್ಯ ಹುಟ್ಟಿದಾಗ. ಕಂಪ್ಯೂಟರಿನ ದಿನ ಮಧ್ಯರಾತ್ರಿಗೆ ಬದಲಾಗುವುದರಿಂದ ಅದು ಶುಕ್ರವಾರ ರಾತ್ರಿಯೇ ಎಲ್ಲರ ಫೋನಿಗೆ 'ಹೊರಡಿ' ಎಂದಿತು. ಮುಂಬಯಿಯಿಂದ ರೈಲಿನಲ್ಲಿ ಬಂದ ಅಣ್ಣ ನೇರ ಗದ್ದೆಗೆ ಹೋಗಿ, ಚಪ್ಪರ ಹಾಕುತ್ತಿದ್ದವರಿಗೆ ಬಿದಿರು ಹಿಡಿದುಕೊಟ್ಟು ಬಂದರು. ಕಂಬಳದ್ದನ್ನು ನಾನು ವೆಬ್‌ಸೈಟಿಗೆ ಹಾಕುವ ಗೋಜಿಗೇ ಹೋಗಲಿಲ್ಲ. ನಮ್ಮ ಕಟಪಾಡಿಯ ಮೂಡು ಪಡು ಜೋಡುಕರೆ ಕಂಬಳದಲ್ಲಿ ಕೋಣಗಳ ಓಟವನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಅಳೆಯುತ್ತಾರೆ, ಫೈನಲ್ ಎಷ್ಟು ಗಂಟೆಗೆ ಎಂದು ಕೇಳಿದರೆ 'ಬೆಳಗಾಗಬಹುದು' ಎನ್ನುತ್ತಾರೆ. ಅದನ್ನು ಇಡಲು ಯಾವ ಡೇಟಾಬೇಸಿನಲ್ಲೂ ಕಾಲಂ ಇಲ್ಲ.

ಇಷ್ಟೆಲ್ಲ ಅವಮಾನಗಳ ನಡುವೆ ನನ್ನ ವಿದ್ಯೆ ಒಮ್ಮೆ, ಒಂದೇ ಒಂದು ಸಲ, ಮನೆಯಲ್ಲಿ ಪ್ರಯೋಜನಕ್ಕೆ ಬಂತು. ಅದೂ ಅಪ್ಪನ ಖರ್ಚಿನಲ್ಲಿ.

ಅಪ್ಪನ ಸಹಸ್ರ ಚಂದ್ರ ದರ್ಶನ ಶಾಂತಿಗೆ ಜಾತಕ ಹೊರಗೆ ತೆಗೆದಿದ್ದರು. ಅಪ್ಪ ಹುಟ್ಟಿದ್ದು 1944ರ ಆಗಸ್ಟಿನಲ್ಲಿ, ಸಿಂಹ ಮಾಸ ಹುಟ್ಟಿ ಕೆಲವೇ ದಿನಗಳಾಗಿದ್ದಾಗ. ಅಜ್ಜ ಶಾಲೆಯ ಮೇಷ್ಟ್ರು. ಅಂಚೆಕಚೇರಿಯ ಗಡಿಯಾರಕ್ಕೆ ಹೊಂದಿಸಿದ ವಾಚು ಅವರಲ್ಲಿತ್ತು. 'ಬೆಳಿಗ್ಗೆ ಗಂಟೆ 6.40' ಎಂದು ಚೀಟಿಯಲ್ಲಿ ಬರೆದಿಟ್ಟಿದ್ದರು. ಎಷ್ಟೋ ವರ್ಷದ ಮೇಲೆ ಅಪ್ಪನ ಮದುವೆ ಮಾತುಕತೆಯ ಹೊತ್ತಿಗೆ ಯಾರೋ ಜೋಯಿಸರು ಆ ಚೀಟಿಯಿಂದ ಜಾತಕ ಬರೆದುಕೊಟ್ಟರು. ಸಿಂಹ ಲಗ್ನ. ಅಂದಿನಿಂದ ನಮ್ಮ ಮನೆಯಲ್ಲಿ ಅದು ಸಂವಿಧಾನ. ಸಾರಿಗೆ ಉಪ್ಪು ಕಡಿಮೆಯಾಗಿ ಅಪ್ಪ ಗುಡುಗಿದರೆ, ಪೇಪರಿನ ಹುಡುಗ ತಡಮಾಡಿ ಅಪ್ಪ ಅಂಗಳದಲ್ಲಿ ನಿಂತು ಗರ್ಜಿಸಿದರೆ, ಅಮ್ಮ ಹೇಳುತ್ತಿದ್ದದ್ದು ಒಂದೇ: "ಎಂತ ಮಾಡುವುದು, ಸಿಂಹ ಲಗ್ನ ಅಲ್ವಾ." ಸುಮಾರು ಐವತ್ತು ವರ್ಷ ಈ ಒಂದು ವಾಕ್ಯದ ಮೇಲೆ ಸಂಸಾರ ನಡೆದಿದೆ.

ಚೀಟಿಯನ್ನು ನೋಡುತ್ತ ದೊಡ್ಡಮ್ಮ, "ಇದೆಂತ 6.40? ಇವ ಹುಟ್ಟುವಾಗ ಹೊರಗೆ ಕತ್ತಲೆ ಇತ್ತು, ಚಿಮಿಣಿ ದೀಪ ಹಿಡಿದುಕೊಂಡಿದ್ದೆವು ಅಂತ ಅಮ್ಮ ಯಾವಾಗಲೂ ಹೇಳ್ತಿದ್ದರು" ಎಂದರು. ಆಗಸ್ಟಿನಲ್ಲಿ ಉಡುಪಿಯ ಸೂರ್ಯೋದಯ ಸುಮಾರು 6.20ಕ್ಕೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಚಿಮಿಣಿ ದೀಪ ಯಾಕೆ? ಎಲ್ಲರೂ ಅಜ್ಜಿಗೆ ಮರೆವು ಎಂದು ತೀರ್ಮಾನಿಸಿದರು. ನನಗೆ ಥಟ್ಟನೆ ಹೊಳೆಯಿತು. ಲ್ಯಾಪ್‌ಟಾಪು ತೆರೆದು ಆ ತಾರೀಕನ್ನು ಬ್ರೌಸರಿಗೆ ಕೊಟ್ಟೆ. ಭಾರತದ ಗಂಟೆ ಯುಟಿಸಿಗಿಂತ ಆರೂವರೆ ಮುಂದೆ ಎಂದು ಬಂತು. ಐದೂವರೆ ಅಲ್ಲ, ಆರೂವರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಬೇಸಿಗೆ ಮಳೆಗಾಲ ಎಂದಿಲ್ಲದೆ ಮೂರು ವರ್ಷ ಸತತ. ಅಂಚೆಕಚೇರಿಯ 6.40 ಎಂದರೆ ಈಗಿನ 5.40. ಸೂರ್ಯೋದಯಕ್ಕೆ ಇನ್ನೂ ನಲವತ್ತು ನಿಮಿಷ ಇತ್ತು. ಅಜ್ಜಿ ಹೇಳಿದ ಕತ್ತಲೆ ನಿಜ, ಚಿಮಿಣಿ ದೀಪ ನಿಜ. ಅಜ್ಜ ವಾಚು ನೋಡುವ ಬದಲು ಹಿಂದಿನವರ ಹಾಗೆ ಸೂರ್ಯೋದಯದಿಂದ ಇಷ್ಟು ಘಳಿಗೆ ಎಂದು ಬರೆದಿದ್ದರೆ ಯಾವ ಯುದ್ಧಕ್ಕೂ ಜಾತಕ ಕದಲುತ್ತಿರಲಿಲ್ಲ. ಈಗ ಶಾಂತಿಗೆ ಬಂದಿದ್ದ ಭಟ್ಟರು ಬೆರಳು ಮಡಚಿ, ಪಂಚಾಂಗ ತಿರುವಿ, ಗಂಟಲು ಸರಿಪಡಿಸಿಕೊಂಡು ಹೇಳಿದರು: "ಹೌದು, ಆ ವರ್ಷಗಳ ಜನನಕ್ಕೆ ಒಂದು ಗಂಟೆ ಕಳೀಬೇಕು. ಲಗ್ನ ಹಿಂದೆ ಹೋಗ್ತದೆ. ಕರ್ಕಾಟಕ."

ಚಾವಡಿ ನಿಶ್ಶಬ್ದವಾಯಿತು. ಕರ್ಕಾಟಕ ಎಂದರೆ ಏಡಿ. ಚಂದ್ರನ ಮನೆ. ಮೃದು ಸ್ವಭಾವ, ಕುಟುಂಬವತ್ಸಲ, ಕಣ್ಣಲ್ಲಿ ಬೇಗ ನೀರು.

ಅಮ್ಮ ಅಪ್ಪನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ಹಾಗಾದರೆ ಇಷ್ಟು ವರ್ಷ ಬೈದದ್ದು ಯಾವ ಲೆಕ್ಕದಲ್ಲಿ?"

"ಅಭ್ಯಾಸ ಆಗಿ ಹೋಗಿದೆ," ಎಂದರು ಅಪ್ಪ, ಏಡಿಯ ದನಿಯಲ್ಲಿ.

"ಮಾವನಿಗೆ ಇನ್ನು ಸಿಟ್ಟು ಬರಲಿಕ್ಕೆ ಪರ್ಮಿಷನ್ ಇಲ್ಲ ಅತ್ತೆ," ಎಂದಳು ನನ್ನ ಹೆಂಡತಿ. ನಂತರ ನನ್ನ ಕಡೆ ತಿರುಗಿ, "ನಿಮ್ಮದೂ ಒಮ್ಮೆ ಅದರಲ್ಲಿ ಹಾಕಿ ನೋಡಿ" ಎಂದಳು. ನಾನು ಹುಟ್ಟಿದ್ದು ಯುದ್ಧ ಇಲ್ಲದ ವರ್ಷದಲ್ಲಿ, ನನ್ನ ಗುಣಗಳಿಗೆ ಸರಕಾರ ಹೊಣೆಯಲ್ಲ.

ಬ್ರೌಸರಿಗೆ 1944ರ ಸಂಗತಿ ಹೇಗೆ ಗೊತ್ತು ಎಂದು ಭಟ್ಟರು ಕೇಳಿದರು. ಆ ದಿನ ನನ್ನನ್ನು ಪ್ರಶ್ನೆ ಕೇಳಿದವರು ಅವರೊಬ್ಬರೇ, ಆದ್ದರಿಂದ ಸವಿಸ್ತಾರವಾಗಿ ಹೇಳಿದೆ. ಯಾವ ಊರಿನಲ್ಲಿ ಯಾವಾಗ ಗಂಟೆ ತಿರುಗಿಸಿದರು ಎಂಬ ಚರಿತ್ರೆಯನ್ನೆಲ್ಲ ಕೂಡಿಟ್ಟ ಒಂದು ಪಟ್ಟಿ ಉಂಟು, ಟೈಮ್ ಝೋನ್ ಡೇಟಾಬೇಸ್ ಎಂದು. 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಎಂಬವರು ಶುರು ಮಾಡಿದ್ದು, ಪಾಲ್ ಎಗರ್ಟ್ ಎಂಬವರು ಮುಂದುವರಿಸಿದ್ದು. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಫೋನು, ಕಂಪ್ಯೂಟರುಗಳು ಅದನ್ನೇ ನಂಬಿಕೊಂಡಿವೆ. ಯಾವುದೋ ದೇಶದ ಮಂತ್ರಿ ಗಂಟೆ ಬದಲಿಸುತ್ತೇನೆ ಎಂದರೆ ಸ್ವಯಂಸೇವಕರು ಕೂತು ಪಟ್ಟಿ ತಿದ್ದುತ್ತಾರೆ. 2011ರಲ್ಲಿ ಇವರಿಬ್ಬರ ಮೇಲೆ ಅಮೆರಿಕದ ಕೋರ್ಟಿನಲ್ಲಿ ಒಂದು ದಾವೆ ಬಿತ್ತು. ಹಾಕಿದವರು ಆಸ್ಟ್ರೊಲೇಬ್ ಎಂಬ ಕಂಪನಿ. ಅವರು ಮಾಡುವುದು ಜ್ಯೋತಿಷ್ಯದ ಸಾಫ್ಟ್‌ವೇರು. ಹಳೆಯ ಗಂಟೆಗಳ ವಿವರ ನಮ್ಮ ಪುಸ್ತಕದ್ದು ಎಂಬುದು ಅವರ ವಾದ. ಚರಿತ್ರೆಯ ಸಂಗತಿಗಳಿಗೆ ಹಕ್ಕುಸ್ವಾಮ್ಯ ಇಲ್ಲ ಎಂದು ತಿಳಿದು 2012ರ ಫೆಬ್ರವರಿಯಲ್ಲಿ ದಾವೆ ಹಿಂದೆ ತೆಗೆದುಕೊಂಡರು, ಕ್ಷಮೆಯನ್ನೂ ಕೇಳಿದರು. ಗಳಿಗೆಯ ಲೆಕ್ಕ ಯಾರ ಆಸ್ತಿ ಎಂದು ಜೋಯಿಸರೂ ಪ್ರೋಗ್ರಾಮರುಗಳೂ ಕೋರ್ಟು ಹತ್ತಿದ್ದು ಕೇಳಿ ಭಟ್ಟರು ಸಂತೋಷಪಟ್ಟು, ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಆ ಗೌರವ ಸಂಜೆಯವರೆಗೆ ಇತ್ತು. ಸಂಜೆ ಅಪ್ಪ ಆ ಪಟ್ಟಿಯಲ್ಲಿ ಕಟಪಾಡಿಯ ಹೆಸರು ತೋರಿಸು ಎಂದರು. ಇಲ್ಲ. ಉಡುಪಿಯದ್ದೂ ಇಲ್ಲ, ಬೆಂಗಳೂರಿನದ್ದೂ ಇಲ್ಲ. ಇಡೀ ಭಾರತಕ್ಕೆ ಒಂದೇ ಹೆಸರು, 'ಏಷ್ಯಾ/ಕೋಲ್ಕತಾ'. ಕೆಲವು ಬ್ರೌಸರುಗಳು ಇಂದಿಗೂ 'ಕಲ್ಕತ್ತಾ' ಎಂದೇ ಹೇಳುತ್ತವೆ. "ನಾವು ಮದ್ರಾಸಿನವರು," ಎಂದರು ಅಪ್ಪ ಗಂಭೀರವಾಗಿ. ಅವರ ಮಾತಿನಲ್ಲಿ ತಪ್ಪಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಇಡೀ ದೇಶಕ್ಕೆ ಒಂದೇ ಗಂಟೆ ಬಂದದ್ದು 1906ರಲ್ಲಿ. ಅದಕ್ಕೂ ಮೊದಲು ರೈಲುಗಳು ಓಡುತ್ತಿದ್ದದ್ದು ಮದ್ರಾಸಿನ ಗಂಟೆಗೆ, ಈಗಿನದ್ದಕ್ಕಿಂತ ಸುಮಾರು ಒಂಬತ್ತು ನಿಮಿಷ ಹಿಂದೆ. ಬೊಂಬಾಯಿಯವರಂತೂ ತಮ್ಮ ಹಳೆಯ ಗಂಟೆಯನ್ನು 1955ರವರೆಗೆ ಬಿಡಲಿಲ್ಲ. ಇದನ್ನೆಲ್ಲ ತಿಳಿದ ಮೇಲೆ ಅಪ್ಪ ಚಾವಡಿಯ ಗಡಿಯಾರವನ್ನು ಸರಿಮಾಡುವ ಮಾತೇ ಎತ್ತಬಾರದೆಂದು ಎಲ್ಲರಿಗೂ ಹೇಳಿದ್ದಾರೆ. ಹೇಳಿದ್ದು ಮೆಲ್ಲಗೆ, ಕರ್ಕಾಟಕಕ್ಕೆ ತಕ್ಕಂತೆ.

ವೆಬ್‌ಸೈಟ್ ಈಗ ನಡೆಯುತ್ತಿದೆ. ಮುಗಿದು ಹೋದ ಸಂಗತಿಗಳನ್ನು, ಯಾರು ಎಷ್ಟು ಹೊತ್ತಿಗೆ ಸಂದೇಶ ಹಾಕಿದರು ಎಂಬಂಥದ್ದನ್ನು, ಯುಟಿಸಿಯಲ್ಲಿ ಇಟ್ಟಿದ್ದೇನೆ. ಮುಂದೆ ನಡೆಯಬೇಕಾದ ಕಾರ್ಯಕ್ರಮಕ್ಕೆ ಆ ಊರಿನ ಗೋಡೆ ಗಡಿಯಾರದ ಗಂಟೆ, ಜೊತೆಗೆ ಊರಿನ ಹೆಸರು, ಏಕೆಂದರೆ ಅಷ್ಟರೊಳಗೆ ಯಾವ ಸರಕಾರ ಗಡಿಯಾರಕ್ಕೆ ಕೈಹಾಕುತ್ತದೆಂದು ಹೇಳಲಾಗದು. ಹುಟ್ಟುಹಬ್ಬಕ್ಕೆ ಬರಿ ತಾರೀಕು. ತಿಥಿಗೆ ಆಯಾ ಊರಿನ ಸೂರ್ಯೋದಯ. ಇದನ್ನು ನನ್ನದೇ ಸಂಶೋಧನೆ ಎಂಬಂತೆ ಹೇಳಿ ಮುಗಿಸಿದಾಗ ಅಮ್ಮ ದೇವರ ಕೋಣೆಯಿಂದ ಪಂಚಾಂಗ ತಂದು, ಮೊದಲ ಹಾಳೆಗಳಲ್ಲಿ ಒಂದು ಸಾಲು ತೋರಿಸಿದರು. ಯಾವ ಊರಿಗೆ ಗಣಿಸಿದ್ದು, ಬೇರೆ ಊರಿನವರು ಎಷ್ಟು ಕೂಡಿಸಿ ಕಳೆಯಬೇಕು ಎಂದು ಅಲ್ಲಿ ಅಚ್ಚಾಗಿತ್ತು. ಪಂಚಾಂಗ ಓದುವಾಗ ನಾನು ಯಾವತ್ತೂ ನೇರ ರಾಹುಕಾಲದ ಪುಟಕ್ಕೆ ಹೋಗುವವನು.

ಕುಟುಂಬದವರಲ್ಲಿ ಒಂದು ವಿನಂತಿ. ಫಾರ್ಮಿನಲ್ಲಿ ಟೈಮ್ ಝೋನ್ ಕೇಳಿದಲ್ಲಿ ದಯವಿಟ್ಟು 'ಐಎಸ್‌ಟಿ' ಎಂದು ತುಂಬಬೇಡಿ, ಐರ್ಲೆಂಡಿನವರೂ ಇಸ್ರೇಲಿನವರೂ ತಮ್ಮ ಗಂಟೆಗೆ ಅದನ್ನೇ ಬರೆಯುತ್ತಾರೆ. ನೀವು ಇರುವ ಊರಿನ ಹೆಸರು ಹಾಕಿ. ಅಮೆರಿಕದಲ್ಲಿರುವವರು ಮಾರ್ಚಿನ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಕಟಪಾಡಿಗೆ ಫೋನ್ ಮಾಡುವುದಿದ್ದರೆ ನಿಮ್ಮ ರಾತ್ರಿ ಒಂಬತ್ತೂವರೆಯ ಮೇಲೆ ಮಾಡಿ. ಅದಕ್ಕಿಂತ ಮೊದಲು ಅಮ್ಮ ಮಲ್ಲಿಗೆ ಗಿಡದ ಹತ್ತಿರ ಇರುತ್ತಾರೆ, ಫೋನು ಎತ್ತುವುದು ನಾನು, ಮತ್ತು ನನ್ನ ಹತ್ತಿರ ಮಾತಾಡಲು ಯಾರಿಗೂ ಏನೂ ಇರುವುದಿಲ್ಲ.